ಬೀಗಿತ್ತಿಯೂ ನಾನೂ ಬದಲಿಸಿದ ಗಾಲಿ

ಕಾರಿನ ಡಿಕ್ಕಿ ತುಂಬಿದ್ದು ನಾನಲ್ಲ, ನನ್ನ ಬೀಗಿತ್ತಿ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಸೊಸೆಯ ಸೀರೆಗಳ ಗಂಟು, ಸ್ಟೀಲಿನ ಕೊಡಗಳು, ಹಿತ್ತಾಳೆ ಪಾತ್ರೆ, ಎರಡು ಕಂಬಳಿ, ದಪ್ಪ ಹಲಗೆಯ ಒಂದು ಮಣೆ, ಹೀಗೆ ಒಂದೊಂದನ್ನೇ ಒಳಗಿನಿಂದ ಹೊತ್ತು ತಂದು ಅವರೇ ಇಟ್ಟರು. ನಾನು ಕೈ ಹಚ್ಚಿದರೆ ನಾನೇ ಹೊರಗೆ ಹಾಕಿದ ಹಾಗಾಗುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಅದು ನೆಪ. ಅವರೇ ಹೊರಲಿ, ಬೆವರಲಿ ಎಂಬುದೇ ನನ್ನ ಆಸೆಯಾಗಿತ್ತು.

ನಮ್ಮದು ರಾಯದುರ್ಗ. ಮನೆಯ ಮುಂದಿನ ಹಾಲಿನಲ್ಲಿ ಆರು ಹೊಲಿಗೆ ಮೆಷಿನ್ನು ಹಾಕಿಕೊಂಡು ಜೀನ್ಸ್ ಪ್ಯಾಂಟು ಹೊಲಿಯುತ್ತೇವೆ. ಯಜಮಾನರು ಕಟಿಂಗ್ ಮಾಸ್ತರು. ಕತ್ತರಿಸಿದ ಬಟ್ಟೆಯ ಗಂಟುಗಳನ್ನು ಓಣಿ ಓಣಿಯ ಹೆಂಗಸರಿಗೆ ಮುಟ್ಟಿಸಿ, ಅವರು ಹೊಲಿದದ್ದನ್ನು ವಾಪಸು ತರಲು ಒಂದು ಹಳೆಯ ಕಾರು ಇಟ್ಟುಕೊಂಡಿದ್ದೆವು. ಯಜಮಾನರಿಗೆ ದೂರದ್ದು ಕಾಣಿಸುವುದು ಕಡಿಮೆಯಾದ ಮೇಲೆ ನಾನೇ ಓಡಿಸುವುದು ಕಲಿತೆ. ಓಡಿಸುವುದಷ್ಟೇ. ಬಾನೆಟ್ಟು ಎತ್ತಿ ನೋಡಿದವಳಲ್ಲ.

ಮಗನಿಗೆ ಮಡಕಶಿರದಿಂದ ಹೆಣ್ಣು ತಂದಿದ್ದೆವು. ಎರಡು ವರ್ಷ ಒಂದೇ ಸೂರಿನಡಿ ಇದ್ದೆವು, ಎರಡು ವರ್ಷವೂ ನನಗೂ ಅವಳಿಗೂ ಆಗಲಿಲ್ಲ. ಅವಳು ತವರಿನಿಂದ ತನ್ನದೇ ಒಂದು ಮೆಷಿನ್ನು ತಂದಿದ್ದಳು. ಅದರಲ್ಲಿ ಬ್ಲೌಸ್ ಹೊಲಿಯುತ್ತೇನೆ, ನನ್ನ ಗಿರಾಕಿ ನನಗೆ ಎಂದಳು. ಮನೆಯಲ್ಲಿ ಆರ್ಡರು ಬಿದ್ದು ಕೊಳೆಯುವಾಗ ನಿನ್ನದೇನು ಬೇರೆ ಅಂಗಡಿ ಎಂದು ನಾನು. ಒಂದು ಬೆಳಿಗ್ಗೆ ಸಿಟ್ಟು ತಡೆಯದೆ ಆ ಮೆಷಿನ್ನನ್ನು ಎಳೆದು ಹೊರಗಿನ ಕಟ್ಟೆಯ ಮೇಲೆ ಇಟ್ಟೆ. ಅವಳು ಒಂದು ಬ್ಯಾಗು ಹಿಡಿದು, ತವರಿನ ದಾರಿಯ ಕಲ್ಯಾಣದುರ್ಗದ ಬಸ್ಸು ಹತ್ತಿದಳು. ಮಗನಿಗೆ ಹೋಗಿ ಕರೆದುಕೊಂಡು ಬಾ ಎಂದರೆ, "ನೀನ ಕಳಿಸೀದಿ, ನೀನ ಕರಕೊಂಡು ಬಾ" ಎಂದ. ನಾನು ಹೋಗಲಿಲ್ಲ. ಏಳು ತಿಂಗಳಾಯಿತು. ಹಿರಿಯರು ಎರಡು ಸಲ ಕೂತು, ಇದು ಕೂಡುವ ಸಂಸಾರವಲ್ಲ, ಹುಡುಗಿಯ ಸಾಮಾನು ಹುಡುಗಿಯ ಮನೆಗೆ ಮುಟ್ಟಿಸಿಬಿಡಿ ಎಂದರು.

ಬೀಗಿತ್ತಿ ಒಬ್ಬರೇ ಬಸ್ಸಿನಲ್ಲಿ ಬಂದರು. ಬಾಡಿಗೆ ಗಾಡಿಯಲ್ಲಿ ಕಳಿಸಬಹುದಿತ್ತು. ನಾನೇ ಬೇಡವೆಂದೆ. ನಾಳೆ ಒಂದು ಚಮಚ ಕಮ್ಮಿಯಾದರೂ ರಾಯದುರ್ಗದವರು ಇಟ್ಟುಕೊಂಡರು ಎನ್ನುತ್ತಾರೆ. ಅವರ ಓಣಿಯವರ ಕಣ್ಣ ಮುಂದೆ ನಾನೇ ಇಳಿಸಿ ಬರುತ್ತೇನೆ ಎಂದು ಹಟ ಹಿಡಿದೆ. ಹಾಗಾಗಿ ಒಂದೇ ಕಾರಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಹೆಂಗಸರು, ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿದ ಆ ಮೆಷಿನ್ನು.

ಹೊರಡುವ ಮುಂಚೆ ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. ಎಡಗಡೆಯ ಮುಂದಿನ ಗಾಲಿಯನ್ನು ಕಾಲಿನಿಂದ ಒತ್ತಿ, "ಇದರಾಗೆ ಗಾಳಿ ಕಮ್ಮಿ ಐತೆ, ದಾರೀಲಿ ತುಂಬಿಸ್ಕಳಿ" ಎಂದರು.

"ಮೊನ್ನೆ ತುಂಬಿಸೀನ್ರಿ" ಎಂದೆ ನಾನು.

ಅದು ಸುಳ್ಳು. ತುಂಬಿಸಿ ತಿಂಗಳಾಗಿತ್ತು. ನಮ್ಮ ಮನೆಯ ಊಟದಲ್ಲಿ ಉಪ್ಪು ಕಮ್ಮಿ, ನೀರು ಸಪ್ಪೆ ಎಂದು ಮಗಳು ಹೇಳಿದ ಹಾಗೆ ಈಗ ತಾಯಿ ಟೈರಿಗೆ ಹೆಸರಿಡಲು ಬಂದಳು ಎಂದುಕೊಂಡೆ. ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಗಾಳಿಯ ಮೆಷಿನ್ನು ಕಾಣುವ ಹಾಗೆ ನಿಂತಿತ್ತು. ಅವರು ಅತ್ತ ನೋಡಿದರು. ನಾನು ಗೇರು ಬದಲಿಸಿ ಇನ್ನೂ ಜೋರಾಗಿ ಮುಂದೆ ಹೋದೆ.

ದಾರಿಯುದ್ದಕ್ಕೂ ಅವರು ಕಿಟಕಿ ಇಳಿಸಿದರೆ ನಾನು ಧೂಳು ಎಂದು ಏರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರು ಮತ್ತೆ ಇಳಿಸುತ್ತಿದ್ದರು. ಬೆಳುಗುಪ್ಪದ ಕಡೆ ಹೋಗುವ ರಸ್ತೆ ಹಿಂದೆ ಬಿತ್ತು. ಕರೆಂಟು ತೆಗೆಯುವ ದೊಡ್ಡ ಗಾಳಿಯಂತ್ರಗಳ ಸಾಲು ಶುರುವಾಯಿತು. ಒಂದು ಇಳಿಜಾರಿನಲ್ಲಿ, ರಸ್ತೆ ಬಲಕ್ಕೆ ಹೊರಳುವ ಕಡೆ, ಸ್ಟೇರಿಂಗು ಎಡಕ್ಕೆ ಎಳೆಯತೊಡಗಿತು. ಡಬಡಬ ಸದ್ದು. ಕಾಲು ತನ್ನಷ್ಟಕ್ಕೆ ಬ್ರೇಕು ತುಳಿಯಿತು. ತಿರುವಿನಲ್ಲೇ, ಅರ್ಧ ಡಾಂಬರು ಅರ್ಧ ಮಣ್ಣಿನ ಮೇಲೆ ಕಾರು ನಿಂತಿತು.

ನಾನು ಹೇಳಿರಲಿಲ್ಲವೇ ಎಂದು ಅವರು ಅಂದಿದ್ದರೆ ಬೇಕಿತ್ತು. ಸುಮ್ಮನೆ ನನ್ನ ಕಡೆ ಒಮ್ಮೆ ನೋಡಿ ಬಾಗಿಲು ತೆಗೆದು ಇಳಿದರು. ನಾನೂ ಆ ಕಡೆಯ ಕಿಟಕಿಗೆ ಬಾಗಿ ನೋಡಿದರೆ ಅದೇ ಎಡಗಡೆಯ ಮುಂದಿನ ಗಾಲಿ, ನೆಲಕ್ಕೆ ಅಂಟಿಕೊಂಡಿತ್ತು.

"ಇಲ್ಲಿ ಬ್ಯಾಡ. ಮುಂದಕ್ಕೆ ತಗಳಿ, ಸಮ ಇರೋ ಕಡೆ" ಎಂದರು.

"ಹಿಂಗ ಓಡಿಸಿದ್ರ ರಿಮ್ಮು ಹಾಳಾಗತೈತ್ರಿ. ನಿಮಗೇನು, ಕಾರು ನಮ್ಮದು."

"ತಿರುವಿನಾಗೆ ನಿಂತ್ರೆ ಲಾರಿಯೋನಿಗೆ ಕಾಣಲ್ಲ. ರಿಮ್ಮು ದೊಡ್ಡದೋ, ನೀವು ದೊಡ್ಡೋರೋ?"

ಅಷ್ಟರಲ್ಲೇ ತಿರುವಿನ ಹಿಂದಿನಿಂದ ಒಂದು ಲಾರಿ ಬಂತು. ಹಾರ್ನು ಹೊಡೆದುಕೊಂಡು ನನ್ನ ಕಿಟಕಿಗೆ ಒಂದು ಮೊಳ ಬಿಟ್ಟು ಹಾದು ಹೋಯಿತು. ಕಾರು ಪೂರ್ತಿ ಅಲುಗಾಡಿತು. ನಾನು ಕಾರನ್ನು ಶುರು ಮಾಡಿ, ನಡೆದಷ್ಟು ನಿಧಾನವಾಗಿ ಇಳಿಜಾರು ಮುಗಿಯುವವರೆಗೆ ಉರುಳಿಸಿ, ರಸ್ತೆ ನೆಟ್ಟಗಿರುವಲ್ಲಿ ಡಾಂಬರು ಬಿಟ್ಟು ಪೂರಾ ಮಣ್ಣಿಗೆ ಇಳಿಸಿ ನಿಲ್ಲಿಸಿದೆ. ಅವರು ಹಿಂದೆ ನಡೆದು ಬಂದರು. ಬರುವಾಗ ಒಂದು ಜಾಲಿ ಟೊಂಗೆ ಮುರಿದು, ಕಾರಿನಿಂದ ನಲವತ್ತು ಐವತ್ತು ಹೆಜ್ಜೆ ಹಿಂದೆ, ಬರುವವರಿಗೆ ಕಾಣುವ ಹಾಗೆ ರಸ್ತೆಯ ಅಂಚಿಗೆ ಹಾಕಿದ್ದರು.

"ಎರಡೂ ಕಡೆ ಮಿಣುಕೋ ಲೈಟು ಹಾಕಿ. ಹ್ಯಾಂಡ್‌ಬ್ರೇಕು ಎಳೀರಿ. ಗೇರಿನಾಗೆ ಬಿಡಿ."

"ಗೊತ್ತೈತ್ರಿ" ಎಂದೆ. ಲೈಟು ಗೊತ್ತಿತ್ತು. ಗೇರಿನಲ್ಲಿ ಬಿಡಬೇಕೆಂದು ಗೊತ್ತಿರಲಿಲ್ಲ. ಅವರು ಅತ್ತ ತಿರುಗಿದಾಗ ಹಾಕಿದೆ.

ಅವರು ಎರಡು ಕಲ್ಲು ಹುಡುಕಿ ತಂದು ಹಿಂದಿನ ಬಲಗಾಲಿಗೆ ಮುಂದೊಂದು ಹಿಂದೊಂದು ಒತ್ತಿ ಇಟ್ಟು ಕಾಲಿನಿಂದ ಗುದ್ದಿದರು. ನನಗೆ ಇದೆಲ್ಲ ದೊಡ್ಡ ನಾಟಕದಂತೆ ಕಂಡಿತು. ಯಜಮಾನರಿಗೆ ಫೋನು ಮಾಡೋಣವೆಂದರೆ ಅಲ್ಲಿ ಸಿಗ್ನಲ್ಲು ಇರಲಿಲ್ಲ. ಬಸ್ಸುಗಳೂ ಬೈಕುಗಳೂ ನಮ್ಮನ್ನು ನೋಡಿಕೊಂಡು ಹೋದವು. ನಿಲ್ಲಿಸಿದವರಿಲ್ಲ. ನಾನು ಕೈ ಬೀಸಲು ಹೋದರೆ ಅವರು, "ಯಾರೂ ಬ್ಯಾಡ. ಸ್ಟೆಪ್ನಿ ಎಲ್ಲೈತೆ?" ಎಂದರು.

ಸ್ಟೆಪ್ನಿ ಡಿಕ್ಕಿಯ ತಳದಲ್ಲಿ, ಅವರ ಮಗಳ ಸಂಸಾರದ ಕೆಳಗೆ ಇತ್ತು.

ಅರ್ಧ ಗಂಟೆ ಹಿಡಿದು ತುಂಬಿದ್ದನ್ನೆಲ್ಲ ಅವರು ರಸ್ತೆಯ ಬದಿಗೆ ಇಳಿಸತೊಡಗಿದರು. ಈ ಸಲ ನಾನೂ ಕೈ ಹಚ್ಚಲೇಬೇಕಾಯಿತು. ಒಂದು ಕಂಬಳಿ ಹಾಸಿ ಅದರ ಮೇಲೆ ಕೊಡ, ಪಾತ್ರೆ, ಸೀರೆ ಗಂಟು ಎಲ್ಲ ಇಟ್ಟೆವು. ಬಿಸಿಲಿಗೆ ಸ್ಟೀಲು ಕಣ್ಣಿಗೆ ಹೊಡೆಯುತ್ತಿತ್ತು. ಬಸ್ಸಿನ ಕಿಟಕಿಯಿಂದ ಜನ ಕತ್ತು ಹೊರಗೆ ಹಾಕಿ ನೋಡಿದರು. ಮನೆಯೊಳಗಿನ ಜಗಳ ರಸ್ತೆಗೆ ಬಂದು ಕೂತ ಹಾಗಿತ್ತು.

ಒಂದು ಸಣ್ಣ ಹಿತ್ತಾಳೆ ಚೆಂಬು ಬಂತು. ಅವರು ಅದನ್ನು ತಿರುಗಿಸಿ ತಳ ನೋಡಿದರು. ನಮ್ಮ ತಾಯಿ ತನ್ನ ಹೆಸರು ಕೊರೆಸಿ ನನಗೆ ಕೊಟ್ಟಿದ್ದ ಚೆಂಬು. ಒಳಗೆ ಸಾಮಾನು ಬೇರ್ಪಡಿಸುವಾಗ ಹೇಗೋ ಸೇರಿಬಿಟ್ಟಿತ್ತು.

"ಇದು ನಮ್ದಲ್ಲ."

"ಇರಲಿ, ತಗೊಳ್ರಿ" ಎಂದೆ. ಯಾಕೆ ಹಾಗೆಂದೆನೋ, ದೊಡ್ಡವಳಾಗಿ ಕಾಣುವ ಆಸೆಗೆ ಇರಬೇಕು.

"ನಿಮ್ಮನೇದು ಒಂದು ಚಮಚಾನೂ ಬ್ಯಾಡ" ಎಂದು ಅದನ್ನು ಡ್ರೈವರ್ ಸೀಟಿನ ಮೇಲೆ ಎಸೆದರು. ಇಟ್ಟದ್ದಲ್ಲ, ಎಸೆದದ್ದು.

ಆಮೇಲೆ ಹಿಂದಿನ ಬಾಗಿಲು ತೆಗೆದು, "ಇದನ್ನೂ ಇಳಿಸ್ಬೇಕು, ಹಿಡೀರಿ" ಎಂದರು. ಮೆಷಿನ್ನು. ಭಾರ ಇದ್ದಷ್ಟೂ ಜಾಕಿಗೆ ಕಷ್ಟ ಎಂದರು. ಒಬ್ಬರಿಂದ ಆಗುವ ಕೆಲಸವಲ್ಲ. ಇಬ್ಬರೂ ಎದುರು ಬದುರು ನಿಂತು ಎತ್ತಿದೆವು. ಅವರ ಉಸಿರು ನನ್ನ ಮುಖಕ್ಕೆ ತಗಲುತ್ತಿತ್ತು. ಕೆಳಗಿಡುವಾಗ ಅವರು, "ಹೋದ ಸಲ ಇದನ್ನ ಒಬ್ರೇ ಎಳೆದು ಹಾಕಿದ್ರಂತೆ. ಶಕ್ತಿ ಐತೆ ನಿಮಗೆ" ಎಂದರು.

ಸಿಟ್ಟಿನಲ್ಲೇ ಜಾಕನ್ನು ತೆಗೆದು ಕಾರಿನ ಕೆಳಗೆ ತಳ್ಳಿ ಹಿಡಿಕೆ ತಿರುಗಿಸತೊಡಗಿದೆ. ಕಾರು ಎದ್ದಿತು, ಗಾಲಿ ನೆಲ ಬಿಟ್ಟಿತು. ಪಾನಾ ಹಾಕಿ ನಟ್ಟು ತಿರುವಲು ಹೋದರೆ ನಟ್ಟು ಕದಲದು, ಗಾಲಿಯೇ ತುಸು ತಿರುಗುತ್ತದೆ, ಕಾರು ಜಾಕಿನ ಮೇಲೆ ತೂಗಾಡುತ್ತದೆ.

"ಇಳಿಸಿ, ಇಳಿಸಿ! ಏನು ತಲೆ ಕೆಟ್ಟೈತಾ? ನೆಲದ ಮ್ಯಾಲೆ ಇದ್ದಾಗ ಸಡ್ಲ ಮಾಡ್ಕಬೇಕು, ಆಮ್ಯಾಲೆ ಎತ್ತಬೇಕು."

"ಮೊದಲ ಹೇಳಾಕ ಏನಾಗಿತ್ರಿ?"

"ಹೇಳಿದ್ರೆ ಕೇಳ್ತಿದ್ರಾ?"

ಮತ್ತೆ ಇಳಿಸಿದೆ. ನನ್ನ ಕೈಬಲಕ್ಕೆ ಆಗಲೂ ನಟ್ಟು ಜಗ್ಗಲಿಲ್ಲ. ಅವರು ನನ್ನನ್ನು ಮೊಣಕೈಯಿಂದ ಸರಿಸಿ, ಪಾನಾವನ್ನು ಅಡ್ಡ ನಿಲ್ಲುವ ಹಾಗೆ ನಟ್ಟಿಗೆ ಕೂರಿಸಿ, ಸೀರೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಬಾನೆಟ್ಟಿಗೆ ಕೈ ಊರಿ ಪಾನಾದ ತುದಿಯ ಮೇಲೆ ನಿಧಾನವಾಗಿ ಮೈಭಾರ ಬಿಟ್ಟರು. ಕಿರ್ ಎಂದು ನಟ್ಟು ಬಿಟ್ಟಿತು. ನಾಲ್ಕನ್ನೂ ಹಾಗೆಯೇ ಒಂದೊಂದು ಸುತ್ತು ಸಡಿಲಿಸಿದರು, ಪೂರಾ ತೆಗೆಯಲಿಲ್ಲ. ಅರವತ್ತರ ಹತ್ತಿರದ ಹೆಂಗಸು. ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ಬರಿಗಾಲು.

ಆಮೇಲೆ ಸೊಸೆಯ ಸಾಮಾನಿನಿಂದ ಆ ಮಣೆ ತಂದರು. "ಜಾಕಿನ ಕೆಳಗೆ ಇಕ್ಕಿ. ಮಣ್ಣು ಮೆತ್ತಗೈತೆ."

"ಬ್ಯಾಡ್ರಿ. ಆಗಲೇ ಎತ್ತಿದ್ನೆಲ್ಲ, ನಿಂತಿತ್ತು. ನಾಳೆ ಮಣಿ ಸೀಳಿದ್ರ ಅದಕ್ಕೂ ನಾನ ಕಾರಣ ಅಂತೀರಿ."

ಅವರು ಮಣೆಯನ್ನು ನೆಲಕ್ಕೆ ಕುಕ್ಕಿದರು. ನಾನು ಮಣ್ಣಿನ ಮೇಲೆಯೇ ಜಾಕಿಟ್ಟು ಎತ್ತಿದೆ. ಗಾಲಿ ಎದ್ದಿತು. ನಾನು ನಟ್ಟು ತೆಗೆಯುವಾಗ ಅವರು ಸ್ಟೆಪ್ನಿಯನ್ನು ಉರುಳಿಸಿಕೊಂಡು ಬಂದು, ಅದನ್ನು ಮಲಗಿಸಿ, ಕಾಲಿನಿಂದ ಒದ್ದು ಒದ್ದು ಕಾರಿನ ಹೊಟ್ಟೆಯ ಕೆಳಗೆ, ಜಾಕಿನ ಪಕ್ಕದ ಅಂಚಿಗೆ ತಳ್ಳಿದರು.

"ಅದನ್ಯಾಕ ಅಲ್ಲಿ ತುರುಕತೀರಿ? ಈಗ ಅದ ಬೇಕಲ್ರಿ ನನಗ."

"ಗಾಲಿ ಬಿಚ್ಚೋಗಂಟ ಅಲ್ಲೇ ಇರ್ಲಿ."

"ಎಲ್ಲಾದಕ್ಕೂ ಅಡ್ಡ ಬರೋದು ನಿಮ್ಮ ಮನಿತನದ ಗುಣ" ಎಂದೆ. ಎಂದು ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಅದು ಕಚ್ಚಿಕೊಂಡಿತ್ತು. ಇನ್ನೂ ಜೋರಾಗಿ ಎಳೆದೆ. ಅದು ಕಿತ್ತು ಬಂದು ಪಕ್ಕಕ್ಕೆ ಬಿತ್ತು, ನಾನು ತೋಲ ತಪ್ಪಿ ಮುಂದಕ್ಕೆ ಬಾಗಿ ಎಡಗೈಯನ್ನು ಕಾರಿನ ಕೆಳಗಿನ ನೆಲಕ್ಕೆ ಊರಿದೆ. ಅದೇ ಹೊತ್ತಿಗೆ ಗಾಳಿಯಂತ್ರದ ಒಂದು ರೆಕ್ಕೆಯನ್ನು ಹೊತ್ತ ಉದ್ದನೆಯ ಲಾರಿ ಇಳಿಜಾರಿನಿಂದ ಬಂದು ಹಾದು ಹೋಯಿತು. ನೆಲವೇ ನಡುಗಿತು. ಜಾಕು ಓರೆಯಾದದ್ದು ಕಣ್ಣಿಗೆ ಕಂಡಿತು, ಕೈಗೆ ತಿಳಿಯಲಿಲ್ಲ.

"ಕೈ ತೆಗಿಯೇ!" ಎಂದು ಕಿರುಚಿದರು. ಮೊದಲ ಸಲ ಏಕವಚನ.

ಕಾರು ಧೊಪ್ಪನೆ ಕೂತಿತು. ಆದರೆ ಪೂರಾ ಕೂರಲಿಲ್ಲ. ಅವರು ಒದ್ದು ತುರುಕಿದ್ದ ಸ್ಟೆಪ್ನಿಯ ಮೇಲೆ ಅದರ ಅಂಚು ಬಂದು ನಿಂತಿತು. ನೆಲಕ್ಕೂ ಕಾರಿಗೂ ನಡುವೆ ಒಂದು ಗೇಣು ಜಾಗ. ಆ ಜಾಗದಲ್ಲಿ ನನ್ನ ಕೈ ಇತ್ತು. ಹಿಂಗೈ ತರಚಿ ರಕ್ತ ಬಂದಿತ್ತು, ಅಷ್ಟೇ. ಎಳೆದುಕೊಂಡೆ. ಬೆರಳುಗಳನ್ನು ಮಡಚಿದೆ, ಬಿಚ್ಚಿದೆ. ಐದೂ ಇದ್ದವು.

ನಾನು ನೆಲದ ಮೇಲೆ ಕೂತುಬಿಟ್ಟೆ. ಅವರು ನನ್ನ ಹತ್ತಿರ ಬರಲಿಲ್ಲ, ನೀರು ಕೊಡಲಿಲ್ಲ. ನಿಂತಲ್ಲೇ ನಿಂತು, ಪಾನಾ ಕೈಯಲ್ಲಿ ಹಿಡಿದು, ನನ್ನನ್ನೇ ನೋಡುತ್ತಾ, "ಯಾರ ಜೇಬಿಗೂ ಕೈ ಹಾಕಿರ್ಲಿಲ್ಲ" ಎಂದರು.

ಯಾವ ಮಾತು ಎಂದು ನನಗೆ ತಕ್ಷಣ ತಿಳಿಯಿತು. ಅವರ ಯಜಮಾನರಿಗೆ, ಅಂದರೆ ನಮ್ಮ ಬೀಗರಿಗೆ, ಬಲಗೈಯಲ್ಲಿ ಎರಡೇ ಬೆರಳು. ಮದುವೆಯಲ್ಲಿ ಅವರು ಆ ಕೈಯನ್ನು ಟವೆಲಿನಲ್ಲಿ ಮುಚ್ಚಿಕೊಂಡೇ ಓಡಾಡಿದ್ದರು. ಮದುವೆಯಾದ ಕೆಲವು ತಿಂಗಳಿಗೆ ನನ್ನ ತಂಗಿ ಮನೆಗೆ ಬಂದವಳು ಅಡುಗೆಮನೆಯಲ್ಲಿ, ನಿಮ್ಮ ಬೀಗರ ಬೆರಳು ಏನಾದವು ಎಂದು ಕೇಳಿದಳು. ನಾನು ನಗುತ್ತಾ, "ಯಾರ ಜೇಬಿಗೆ ಕೈ ಹಾಕಿದ್ರೋ ಯಾರಿಗೆ ಗೊತ್ತು" ಎಂದೆ. ಇಬ್ಬರೂ ನಕ್ಕೆವು. ಸೊಸೆ ಅಲ್ಲೇ ಪಾತ್ರೆ ತೊಳೆಯುವ ಬಚ್ಚಲಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಕೇಳಿಸಿದರೆ ಕೇಳಿಸಲಿ ಎಂದೂ ಅಂದುಕೊಂಡಿದ್ದೆ.

ಅವರು ದನಿ ಏರಿಸದೆ ಹೇಳಿದರು. "ರೇಷ್ಮೆ ಗೂಡು ಹಾಕ್ಕಂಡು ಹಿಂದೂಪುರದ ಮಾರ್ಕೆಟ್ಟಿಗೆ ಹೋಗ್ತಿದ್ವಿ, ನಮ್ದೇ ಗಾಡಿನಾಗೆ. ಚಕ್ರ ಪಂಚರಾತು. ಬಿಸ್ಲಿಗೆ ಗೂಡು ಕೆಡ್ತವೆ ಅಂತ ಅವಸ್ರ. ಇಂಗೇ ಮಣ್ಣಿನ ಮ್ಯಾಲೆ ಜಾಕಿಟ್ರು. ಕಲ್ಲು ಕೊಟ್ಟಿರ್ಲಿಲ್ಲ, ಕೆಳಗೆ ಏನೂ ಇಕ್ಕಿರ್ಲಿಲ್ಲ. ಗಾಡಿ ಕೂತ್ಕಂತು. ಮೂರು ಬೆರಳು ಅಲ್ಲೇ ಹೋದ್ವು. ಜಾಕ್ ಮತ್ತೆ ಇಟ್ಟು ಎತ್ತಿದ್ದು ನಾನು. ಅಲ್ಲೀಗಂಟ ಅವ್ರ ಕೈ ಒಳಗೇ ಇತ್ತು."

ತಪ್ಪಾಯಿತು ಎನ್ನಲು ಅದಕ್ಕಿಂತ ಸರಿಯಾದ ಹೊತ್ತು ಇನ್ನೊಂದು ಇರಲಿಲ್ಲ. ನಾನು ಹೇಳಿದ್ದು ಏನು? "ನಿಮ್ಮ ಮಗಳು ಅಡಿಗಿಮನಿ ಮಾತೆಲ್ಲ ತವರಿಗೆ ಮುಟ್ಟಿಸ್ತಿದ್ಲಲ್ಲ, ಅದಕ್ಕ ಈ ಗತಿ ಬಂತು" ಎಂದೆ. ಬಾಯಿ ಎಂದಿನ ಹಾಗೆ ಆಡಿತು.

ಅವರು ಪಾನಾವನ್ನು ನನ್ನ ಮುಂದೆ ಎಸೆದು, "ಏಳಿ. ಕೆಲ್ಸ ಅರ್ಧ ಉಳಿದೈತೆ" ಎಂದರು.

ಆಗಲೇ ಕುರಿಗಳ ಹಿಂಡೊಂದು ರಸ್ತೆ ದಾಟಿ ಬಂತು. ಹಿಂದೆ ಕಂಬಳಿ ಹೊದ್ದ ಒಬ್ಬ ಮುದುಕ. ರಸ್ತೆಯ ಬದಿಯ ಕೊಡ, ಸೀರೆ ಗಂಟು, ಮೆಷಿನ್ನು, ಓರೆಯಾಗಿ ಕೂತ ಕಾರು ಎಲ್ಲವನ್ನೂ ನೋಡಿ, ನಮ್ಮಿಬ್ಬರ ಮುಖವನ್ನೂ ನೋಡಿ, ಅಕ್ಕತಂಗಿಯರೇನಮ್ಮಾ ಎಂದು ತೆಲುಗಿನಲ್ಲಿ ಕೇಳಿದ. "ಅಕ್ಕಾಚೆಲ್ಲೆಳ್ಳಾ?"

"ಕಾದು", ಅಲ್ಲ, ಎಂದೆವು ಇಬ್ಬರೂ, ಒಟ್ಟಿಗೆ.

ಅವನು ಕೋಲಿಗೆ ಗದ್ದ ಊರಿ ನಿಂತು ನೋಡಿದ.

ಈ ಸಲ ಮಣೆಯನ್ನು ನಾನೇ ತಂದೆ. ನಾನು ಮಣ್ಣು ಸಮ ಮಾಡಿ ಮಣೆ ಇಟ್ಟೆ, ಅವರು ಅದರ ಮೇಲೆ ಜಾಕು ಕೂರಿಸಿದರು. ಕಾರಿನ ಅಂಚಿನಲ್ಲಿ ಜಾಕು ಕೂರಲೆಂದೇ ಎರಡು ಕಚ್ಚುಗಳ ನಡುವೆ ಒಂದು ಗಟ್ಟಿ ಜಾಗ ಮಾಡಿರುತ್ತಾರೆ. ಅದನ್ನು ಅವರು ಬೆರಳಿನಿಂದ ತಡಕಿ ತೋರಿಸಿದರು. ನಾನು ಮೊದಲು ಇಟ್ಟಿದ್ದು ಅದಕ್ಕಿಂತ ನಾಲ್ಕು ಬೆರಳು ಆಚೆ. ಕಾರು ಎದ್ದ ಮೇಲೆ ಪಂಚರಾದ ಗಾಲಿಯನ್ನು ಒಳಗೆ ತಳ್ಳಿ, ಆಮೇಲೆ ಸ್ಟೆಪ್ನಿಯನ್ನು ಹೊರಗೆ ಎಳೆದರು. ಒಂದು ಕ್ಷಣವೂ ಕಾರಿನ ಹೊಟ್ಟೆಯ ಕೆಳಗೆ ಖಾಲಿ ಬಿಡಲಿಲ್ಲ. ಸ್ಟೆಪ್ನಿಯನ್ನು ಇಬ್ಬರೂ ಎತ್ತಿ ಕೂರಿಸಿದೆವು. ನಟ್ಟುಗಳನ್ನು ಕೈಯಿಂದಲೇ ಹಿಡಿಯುವಷ್ಟು ತಿರುವಿ, ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದು ಎಂದು ತೋರಿಸಿದರು. ಪಕ್ಕ ಪಕ್ಕದವನ್ನು ಬಿಗಿದರೆ ಗಾಲಿ ಓರೆ ಕೂರುತ್ತದಂತೆ. ಕಾರು ಇಳಿಸಿದ ಮೇಲೆ ಮತ್ತೆ ಅದೇ ಕ್ರಮದಲ್ಲಿ ಪಾನಾದಿಂದ ಬಿಗಿ. ಈ ಸಲ ನನ್ನ ಕೈಯಿಂದಲೇ ಬಿಗಿಸಿದರು. "ಇನ್ನೂ", "ಇನ್ನೂ ಒಂಚೂರು", "ಸಾಕು", ಇಷ್ಟೇ ಮಾತು. ಮೇಷ್ಟ್ರು ದಡ್ಡ ಹುಡುಗಿಗೆ ಹೇಳುವ ದನಿ.

ಮೆಷಿನ್ನು ಎತ್ತಲು ಮುದುಕ ಕೈ ಕೊಟ್ಟ. ಸಾಮಾನೆಲ್ಲ ಮತ್ತೆ ತುಂಬಿದೆವು. ಹೊರಡುವ ಮುಂಚೆ ಅವರು ಗಾಲಿಗೆ ಕೊಟ್ಟ ಕಲ್ಲುಗಳನ್ನು ದೂರ ಎಸೆದರು. ಹಿಂದೆ ನಡೆದು ಹೋಗಿ ಜಾಲಿ ಟೊಂಗೆಯನ್ನೂ ತೆಗೆದು ಬದಿಗೆ ಹಾಕಿ ಬಂದರು. ನಾನು ಎಂಜಿನ್ನು ಶುರು ಮಾಡಿಕೊಂಡು ಕಾಯುತ್ತಾ ಕೂತಿದ್ದೆ. ಇಷ್ಟಾದ ಮೇಲೂ ಹಾರ್ನು ಹೊಡೆದು ಅವಸರ ಮಾಡಿದೆ ಎಂದರೆ ಈಗ ನನಗೇ ನಂಬಲು ಆಗುವುದಿಲ್ಲ, ಆದರೆ ಹೊಡೆದೆ.

ಕಲ್ಯಾಣದುರ್ಗದಲ್ಲಿ ಪಂಚರ್ ಅಂಗಡಿಯ ಮುಂದೆ ಅವರೇ "ನಿಲ್ಸಿ" ಎಂದರು. ಅಂಗಡಿಯವನು ಟೈರಿನಿಂದ ಒಂದು ಮೊಳೆ ಕಿತ್ತ. ಗಾಳಿ ಕಮ್ಮಿ ಇದ್ದಾಗ ಓಡಿಸಿದ್ದಕ್ಕೆ ಒಳಮೈಯೂ ಸವೆದಿದೆ ಎಂದ. ಅವರು ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಹೆಚ್ಚು ಉರಿಯಿತು. ಹಾಕಿದ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿಸಿ, ನಾಲ್ಕಕ್ಕೂ ಗಾಳಿ ಹಿಡಿಸಿದರು. ಅಲ್ಲೇ ಚಹಾ ಕುಡಿದೆವು, ಅವರು ಅಂಗಡಿಯ ಒಳಗಿನ ಬೆಂಚಿನಲ್ಲಿ, ನಾನು ಕಾರಿನಲ್ಲಿ ಕೂತು. ನನ್ನ ತರಚಿದ ಕೈಗೆ ಅಂಗಡಿಯವನು ಕೊಟ್ಟ ಬಟ್ಟೆ ಸುತ್ತಿಕೊಂಡೆ.

ಪಾವಗಡ ದಾಟಿ ಮಡಕಶಿರ ಮುಟ್ಟುವಾಗ ಬೆಟ್ಟದ ನೆರಳು ಊರ ಮೇಲೆ ಬಿದ್ದಿತ್ತು. ಅವರ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ನಾನು ಬಯಸಿದ್ದು ಅದೇ, ಎಲ್ಲರ ಕಣ್ಣ ಮುಂದೆ ಇಳಿಸುವುದು. ಈಗ ಆ ಕಣ್ಣುಗಳ ಮುಂದೆ ತಲೆ ಎತ್ತಲಾಗಲಿಲ್ಲ. ಬೀಗರು ಹೊರಗೆ ಬಂದರು. ಟವೆಲು ಹೆಗಲ ಮೇಲಿತ್ತು, ಮನೆಯಲ್ಲಿ ಅವರು ಕೈ ಮುಚ್ಚಿಕೊಳ್ಳುತ್ತಿರಲಿಲ್ಲ. ನನ್ನ ಕೈಯಿಂದ ಕೊಡ, ಪಾತ್ರೆ ಒಂದೊಂದೇ ಇಸಿದುಕೊಂಡರು. ಎರಡು ಬೆರಳು ಅಂಗೈಗೆ ಒತ್ತಿ ಹಿಡಿಯುತ್ತಿದ್ದರು. ಸೊಸೆ ಬಾಗಿಲಿಗೆ ಬಂದಳು. ನನ್ನನ್ನು ನೋಡದೆ ನೇರ ಮೆಷಿನ್ನಿನ ಹತ್ತಿರ ಹೋಗಿ ಅದರ ಗಾಲಿ ತಿರುಗಿಸಿ ನೋಡಿದಳು. ತಿರುಗಿತು. ಅಪ್ಪನೂ ಮಗಳೂ ಅದನ್ನು ಒಳಗೆ ಹೊತ್ತರು.

"ಕೈಗೆ ಏನಾಯ್ತು ಬೀಗ್ರೇ? ಒಳಗೆ ಬನ್ನಿ, ಕಾಫಿ ಕುಡ್ದು ಹೋಗೋರಂತೆ" ಎಂದರು ಬೀಗರು.

"ಅವ್ರಿಗೆ ಹೊತ್ತಾಗ್ತೈತೆ" ಎಂದರು ಬೀಗಿತ್ತಿ, ನನ್ನ ಬದಲು.

ಆ ರಾತ್ರಿ ಪಾವಗಡದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಕೈಗೆ ಏನಾಯಿತು ಎಂದವರಿಗೆ ಬಾಗಿಲಿಗೆ ಸಿಕ್ಕಿತು ಎಂದೆ. ಊರಿಗೆ ಬಂದ ಮೇಲೂ ಅದನ್ನೇ ಹೇಳಿದೆ. ಮಗನಿಗೂ ನಿಜ ಹೇಳಲಿಲ್ಲ. ಹೇಳಿದರೆ ಅವನು ಅತ್ತೆಯ ಪರ ಒಂದು ಮಾತು ಆಡುತ್ತಾನೆ, ಅದನ್ನು ನಾನು ಕೇಳಬೇಕಾಗುತ್ತದೆ ಎಂಬ ಭಯ.

ಮೂರು ವಾರ ಕಳೆಯಿತು. ಗಾಯ ಒಣಗಿತು. ಒಂದು ಮಧ್ಯಾಹ್ನ ಮೆಷಿನ್ನುಗಳೆಲ್ಲ ಊಟಕ್ಕೆ ನಿಂತಿದ್ದಾಗ ಹಿತ್ತಲಿಗೆ ಹೋಗಿ ಬೀಗಿತ್ತಿಗೆ ಫೋನು ಮಾಡಿದೆ.

"ಏನು?" ಎಂದರು. ನಂಬರು ಅವರಿಗೆ ಗೊತ್ತಿತ್ತು.

"ಬೀಗರ ಕೈ ಬಗ್ಗೆ ಆವತ್ತು ಅಡಿಗಿಮನ್ಯಾಗ ನಾ ಅಂದದ್ದು ತಪ್ಪಾತ್ರಿ."

ಅಲ್ಲಿ ಎಲ್ಲೋ ಕೋಳಿ ಕೂಗಿತು.

"ಅದನ್ನ ಅಂದಿದ್ದು ಅವ್ರನ್ನ. ನನ್ಗೆ ಯಾಕೆ ಹೇಳ್ತೀರ?"

"ಹಂಗಾರ ಅವರಿಗೆ ಕೊಡ್ರಿ ಫೋನು. ಅವರಿಗೇ ಹೇಳತೀನಿ."

"ಕೊಡಲ್ಲ" ಎಂದರು. "ಅವ್ರಿಗೆ ಇದು ಗೊತ್ತೇ ಇಲ್ಲ. ನನ್ ಮಗ್ಳು ನನಗೆ ಹೇಳಿದ್ಲು, ನಾನು ಅಲ್ಲಿಗೇ ನಿಲ್ಸಿದೆ. ನಿಮ್ಮನೆ ಬಗ್ಗೆ ಅವ್ರು ಇವತ್ತಿಗೂ ಒಂದು ಕೆಟ್ಟ ಮಾತಾಡಲ್ಲ. ಈಗ ನೀವು ತಪ್ಪಾಯ್ತು ಅನ್ನಾಕೆ ಹೋಗಿ ಅವ್ರಿಗೆ ಅದನ್ನ ತಿಳಿಸ್ಬ್ಯಾಡಿ. ನಿಮ್ಮ ಮನಸ್ಸಿಗೆ ಹಗುರ ಆಗ್ಲಿ ಅಂತ ಅವ್ರು ಯಾಕೆ ನೋಯಬೇಕು?"

ಫೋನು ಕಟ್ಟಾಯಿತು. ಮತ್ತೆ ಮಾಡುವ ಧೈರ್ಯ ಬರಲಿಲ್ಲ.

ಮುಂದಿನ ವರ್ಷ ಮದುವೆ ಬಿಡುಗಡೆಯ ಕಾಗದಗಳಿಗೆ ಸಹಿ ಆಗುವ ದಿನ ಕೋರ್ಟಿನ ವರಾಂಡದಲ್ಲಿ ಎರಡೂ ಮನೆಯವರು ಸೇರಿದೆವು. ಸೊಸೆ ಮಡಕಶಿರದ ಬಸ್‌ಸ್ಟ್ಯಾಂಡಿನ ಹತ್ತಿರ ಬ್ಲೌಸ್ ಅಂಗಡಿ ಇಟ್ಟಿದ್ದಾಳೆಂದು ಅಲ್ಲೇ ಯಾರೋ ಹೇಳಿದರು. ಮಗ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಬೀಗಿತ್ತಿ ನನ್ನನ್ನು ಕಂಡು ಮುಖ ತಿರುಗಿಸಿದರು. ನಾನೂ ತಿರುಗಿಸಿದೆ. ಬೀಗರು ಮಾತ್ರ ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು.

"ಚೆನ್ನಾಗಿದೀರಾ ಬೀಗ್ರೇ? ಬೆಳಿಗ್ಗೇನೆ ಹೊರಟಿರ್ತೀರ. ತಿಂಡಿ ಆಯ್ತಾ?"

ಅವರ ಬೆನ್ನ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ಬೀಗಿತ್ತಿ ಈಗ ನನ್ನನ್ನೇ ನೋಡುತ್ತಿದ್ದರು. ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಆತ್ರಿ" ಎಂದೆ. "ನಿಮ್ಮದಾತೇನ್ರಿ?"

ಆಯಿತು ಎಂದರು ಬೀಗರು. ಅಷ್ಟರಲ್ಲಿ ಒಳಗಿನಿಂದ ನಮ್ಮನ್ನು ಕೂಗಿದರು.